ಅಂಕಿತ ಎಲ್ಲಿರಬೇಕು?
(ಕೈಕಸುಬಿನ ವಸ್ತುಗಳ ಮೇಲೆ ಕುಶಲಕರ್ಮಿಯ ಗುರುತು ಕುರಿತು ಮುಂಬಯಿಯ ಕನ್ನಡಿಗರಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಾಠ)



ಇಲ್ಲಿ ನೆರೆದಿರುವ ಪ್ರತಿಯೊಬ್ಬರ ಕಿಸೆಯಲ್ಲಿ ಅಥವಾ ಕೈಚೀಲದಲ್ಲಿ ಒಂದಾದರೂ ನಾಣ್ಯ ಇದ್ದೀತು. ಅದನ್ನು ಹೊರತೆಗೆದು, ಇಸವಿಯ ಕೆಳಗೆ ಸ್ವಲ್ಪ ನಿಧಾನವಾಗಿ ನೋಡಬೇಕು. ಅಲ್ಲಿ ವಜ್ರಾಕೃತಿಯ ಒಂದು ಪುಟ್ಟ ಗುರುತು ಇದ್ದರೆ ಆ ನಾಣ್ಯ ಮುಂಬಯಿಯ ಟಂಕಸಾಲೆಯಲ್ಲಿ ಅಚ್ಚಾದುದು. ನಕ್ಷತ್ರವಿದ್ದರೆ ಹೈದರಾಬಾದಿನದು, ದುಂಡು ಚುಕ್ಕೆ ಇದ್ದರೆ ನೋಯಿಡಾದ್ದು, ಯಾವ ಗುರುತೂ ಇಲ್ಲದಿದ್ದರೆ ಕೊಲ್ಕತ್ತದ್ದು. ಮುಂಬಯಿಯ ಕೋಟೆ ಪ್ರದೇಶದಲ್ಲಿರುವ ಟಂಕಸಾಲೆಯ ಕಟ್ಟಡ 1829ರಲ್ಲಿ ಪೂರ್ಣಗೊಂಡಿತು. ಅಲ್ಲಿಂದ ಹೊರಬೀಳುವ ನಾಣ್ಯ ದೇಶದ ಯಾವ ಮೂಲೆಗೆ ಹೋದರೂ ತನ್ನ ಹುಟ್ಟೂರಿನ ಗುರುತನ್ನು ಮೈಮೇಲೆ ಹೊತ್ತುಕೊಂಡೇ ಹೋಗುತ್ತದೆ.

ಅದೇ ಟಂಕಸಾಲೆಯಿಂದ ಉತ್ತರಕ್ಕೆ ಹೋದರೆ ಧಾರಾವಿ ಇದೆ. ಅಲ್ಲಿನ ಇಕ್ಕಟ್ಟಾದ ಕಾರ್ಖಾನೆಗಳಲ್ಲಿ ಚರ್ಮದ ಚೀಲ, ಸೊಂಟಪಟ್ಟಿ, ಪಾಕೀಟುಗಳನ್ನು ಹೊಲಿಯುವ ನುರಿತ ಕೈಗಳಿವೆ. ಅವರ ಕೈಯಿಂದ ಹೊರಟ ಚೀಲ ಎಷ್ಟೋ ವೇಳೆ ಯಾವ ಹೆಸರೂ ಇಲ್ಲದೆ ಹೊರಡುತ್ತದೆ. ಅಂಗಡಿಯನ್ನು ತಲುಪುವ ವೇಳೆಗೆ ಅದಕ್ಕೆ ಬೇರೊಬ್ಬರ ಹೆಸರು ಬಂದಿರುತ್ತದೆ. ಒಂದು ರೂಪಾಯಿಯ ನಾಣ್ಯಕ್ಕೆ ಹುಟ್ಟಿದ ಸ್ಥಳದ ಗುರುತಿದೆ. ಸಾವಿರಾರು ರೂಪಾಯಿಗೆ ಮಾರಾಟವಾಗುವ ಚೀಲಕ್ಕೆ ಅದನ್ನು ಮಾಡಿದವರ ಗುರುತಿಲ್ಲ. ಕುಶಲಕರ್ಮಿಯು ತನ್ನ ಗುರುತನ್ನು ವಸ್ತುವಿನ ಯಾವ ಭಾಗದಲ್ಲಿ ಹಾಕಬೇಕು ಎಂಬ ಪ್ರಶ್ನೆ ಮೇಲ್ನೋಟಕ್ಕೆ ಚಿಕ್ಕದು. ಆದರೆ ವಸ್ತು ಕೈಬಿಟ್ಟು ಹೋದ ಮೇಲೆ ಯಾರ ಹೆಸರು ಉಳಿಯುತ್ತದೆ ಎಂಬುದು ಈ ಪ್ರಶ್ನೆಯ ಉತ್ತರವನ್ನೇ ಅವಲಂಬಿಸಿದೆ.

ಕನ್ನಡ ನಾಡಿನ ಪರಂಪರೆ

ಈ ವಿಷಯದಲ್ಲಿ ಕನ್ನಡಿಗರು ಹೊರಗಿನಿಂದ ಕಲಿಯಬೇಕಾದುದು ಕಡಿಮೆ. ಹನ್ನೆರಡನೆಯ ಶತಮಾನದ ಶಿವಶರಣರು ತಮ್ಮ ವಚನಗಳಿಗೆ ಅಂಕಿತವನ್ನು ಇಟ್ಟರು. ಮುಂದೆ ಹರಿದಾಸರು ತಮ್ಮ ಕೀರ್ತನೆಗಳಿಗೆ ಮುದ್ರಿಕೆಯನ್ನು ಇಟ್ಟರು. ಹೆಚ್ಚಿನವರ ಅಂಕಿತ ಇಷ್ಟದೈವದ ಹೆಸರಾದರೆ, ಅಂಬಿಗರ ಚೌಡಯ್ಯನ ಅಂಕಿತ ಅವನ ಕಸುಬೂ ಹೆಸರೂ ಸೇರಿದ್ದು. ಗಮನಿಸಬೇಕಾದ ಅಂಶವೆಂದರೆ, ಅಂಕಿತವನ್ನು ಅವರು ಓಲೆಯ ಕಟ್ಟಿನ ಹೊರಗೆ ಬರೆಯಲಿಲ್ಲ. ವಚನದ ಮೈಯಲ್ಲಿಯೇ, ಅದರ ಮುಕ್ತಾಯದಲ್ಲಿ ಸೇರಿಸಿದರು. ಮುಂದೆ ವಚನಗಳು ಚದುರಿದವು, ಬೇರೆ ಬೇರೆ ಕಟ್ಟುಗಳಲ್ಲಿ ಸೇರಿದವು, ಬಾಯಿಂದ ಬಾಯಿಗೆ ಹರಿದವು. ಎಲ್ಲಿ ಹೋದರೂ ಅಂಕಿತ ಜೊತೆಯಲ್ಲಿಯೇ ಹೋಯಿತು. ಇಂದಿಗೂ ಒಂದು ವಚನ ಯಾರದೆಂದು ತಿಳಿಯುವುದು ಬಹುಮಟ್ಟಿಗೆ ಅದರಿಂದಲೇ.

ಕಲ್ಲಿನಲ್ಲಿಯೂ ಇದೇ ಪದ್ಧತಿ ಕಾಣಸಿಗುತ್ತದೆ. ಹೊಯ್ಸಳ ದೊರೆ ವಿಷ್ಣುವರ್ಧನನು 1117ರಲ್ಲಿ ಪ್ರತಿಷ್ಠಾಪಿಸಿದ ಬೇಲೂರಿನ ಚೆನ್ನಕೇಶವ ದೇವಾಲಯದ ಮದನಿಕೆಯರನ್ನು ನೋಡದ ಕನ್ನಡಿಗರು ವಿರಳ. ಆ ವಿಗ್ರಹಗಳಲ್ಲಿ ಹಲವುಗಳ ಪೀಠದ ಮೇಲೆ ಶಿಲ್ಪಿಯ ಹೆಸರು ಕೊರೆಯಲ್ಪಟ್ಟಿದೆ. ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಎಂಬ ಹೆಸರುಗಳು ಒಂಬತ್ತು ಶತಮಾನಗಳ ನಂತರವೂ ತಿಳಿದಿರುವುದು ಈ ಕಾರಣದಿಂದಲೇ. ಸೋಮನಾಥಪುರದ ಕೇಶವ ದೇವಾಲಯದಲ್ಲಿ ಮಲ್ಲಿತಮ್ಮನ ಹೆಸರು ಹಲವಾರು ವಿಗ್ರಹಗಳ ಕೆಳಗೆ ಇದೆ. ಬೇಲೂರು, ಹಳೇಬೀಡು ಮತ್ತು ಸೋಮನಾಥಪುರದ ದೇವಾಲಯಗಳು 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ದೊರೆ, ದಂಡನಾಯಕರ ಹೆಸರಿನ ಜೊತೆಗೆ ಉಳಿ ಹಿಡಿದವನ ಹೆಸರೂ ಆ ಗೌರವದಲ್ಲಿ ಪಾಲು ಪಡೆದಿದೆ.

ಆ ಶಿಲ್ಪಿಗಳು ಆರಿಸಿಕೊಂಡ ಸ್ಥಳವನ್ನು ವಿಚಾರಿಸಿ ನೋಡಬೇಕು. ಹೆಸರು ವಿಗ್ರಹದ ಮುಖದ ಮೇಲಿಲ್ಲ, ಎದೆಯ ಮೇಲಿಲ್ಲ. ರೂಪದ ಅಂದಕ್ಕೆ ಅದು ಅಡ್ಡಬರುವುದಿಲ್ಲ. ಹಾಗೆಂದು ಗೋಡೆಗೆ ಅಂಟಿದ ಹಿಂಬದಿಯಲ್ಲಿಯೂ ಅದು ಅಡಗಿಲ್ಲ. ಹುಡುಕುವವರ ಕಣ್ಣಿಗೆ ಸಿಗುವ ಪೀಠದ ಮೇಲಿದೆ. ಪೀಠವೂ ವಿಗ್ರಹವೂ ಒಂದೇ ಕಲ್ಲಿನದಾದ್ದರಿಂದ ಹೆಸರನ್ನು ಬೇರ್ಪಡಿಸಬೇಕಾದರೆ ಕಲ್ಲನ್ನೇ ಒಡೆಯಬೇಕು. ಇನ್ನೊಂದು ವಿಶೇಷವೆಂದರೆ, ಹೆಸರಿನ ಜೊತೆ ಊರೂ ಉಂಟು, ಕೆಲವೆಡೆ ತಂದೆಯ ಹೆಸರೂ ಉಂಟು. ಯಾರು ಮಾಡಿದರು, ಎಲ್ಲಿಯವರು, ಯಾವ ಪರಂಪರೆಯವರು ಎಂಬ ಮೂರು ಪ್ರಶ್ನೆಗಳಿಗೂ ಒಂದೇ ಸಾಲಿನಲ್ಲಿ ಉತ್ತರ ದೊರೆಯುತ್ತದೆ.

ಮುಂಬಯಿಯ ಎರಡು ಪಾಠಗಳು

ಹೆಸರು ಉಳಿಯದಿದ್ದರೆ ಏನಾಗುತ್ತದೆ ಎಂಬುದಕ್ಕೆ ಮುಂಬಯಿಯಲ್ಲಿಯೇ ನಿದರ್ಶನವಿದೆ. ಭಾಯಖಳಾದಲ್ಲಿರುವ ಡಾ. ಭಾವು ದಾಜಿ ಲಾಡ್ ವಸ್ತುಸಂಗ್ರಹಾಲಯವು 1872ರಲ್ಲಿ ಸಾರ್ವಜನಿಕರಿಗೆ ತೆರೆಯಿತು. ಅಲ್ಲಿ ಬಾಂಬೆ ಕಲಾಶಾಲೆಯ, ಎಂದರೆ 1857ರಲ್ಲಿ ಆರಂಭವಾದ ಇಂದಿನ ಜೆ. ಜೆ. ಕಲಾಶಾಲೆಯ, ಹೊಳಪು ಲೇಪದ ಕುಂಭಕಲೆಯ ಮಾದರಿಗಳಿವೆ. ಅಜಂತಾ ಚಿತ್ರಗಳ ಛಾಯೆಯನ್ನು ಹೊತ್ತ ಹೂದಾನಿಗಳೂ ಅಲ್ಲಿ ತಯಾರಾದವು. ಅಂತಹ ಪಾತ್ರೆಗಳ ತಳದಲ್ಲಿ ಕಾಣುವುದು ಶಾಲೆಯ ಹೆಸರು. ಗಾಲಿ ತಿರುಗಿಸಿದ ಕುಂಬಾರನ ಹೆಸರು, ಬಣ್ಣ ತುಂಬಿದವನ ಹೆಸರು ಬಹುತೇಕ ಅಜ್ಞಾತವಾಗಿಯೇ ಉಳಿದಿವೆ. ಗುರುತಿನ ಸ್ಥಳ ಸರಿಯಾಗಿಯೇ ಇತ್ತು. ತಳವು ಕುಂಭಕ್ಕೆ ಯೋಗ್ಯವಾದ ಸ್ಥಳ. ಆದರೆ ಆ ಸ್ಥಳವನ್ನು ಸಂಸ್ಥೆಯೊಂದೇ ತುಂಬಿತು.

ಇನ್ನೊಂದು ನಿದರ್ಶನ ಇದಕ್ಕೆ ವಿರುದ್ಧವಾದುದು. ಮುಂಬಯಿಯ ಉಪನಗರಗಳ ಆರೇ ಕಾಲೊನಿಯಲ್ಲಿ, ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನದ ಪಾಡಾಗಳಲ್ಲಿ ಮತ್ತು ಅದರಾಚೆ ಠಾಣೆ, ಪಾಲಘರ ಜಿಲ್ಲೆಗಳಲ್ಲಿ ವಾರಲಿ ಜನರು ನೆಲೆಸಿದ್ದಾರೆ. ಮದುವೆಯ ಸಂದರ್ಭದಲ್ಲಿ ಅವರ ಮನೆಯ ಗೋಡೆಯ ಮೇಲೆ ಮುತ್ತೈದೆಯರು ಅಕ್ಕಿಹಿಟ್ಟಿನ ಬಿಳಿಯಿಂದ ಚಿತ್ರ ಬರೆಯುತ್ತಿದ್ದರು. ಅದಕ್ಕೆ ಸಹಿಯ ಅಗತ್ಯವಿರಲಿಲ್ಲ; ಗೋಡೆ ಯಾರದು, ಬರೆದವರು ಯಾರು ಎಂದು ಊರಿಗೆಲ್ಲ ತಿಳಿದಿತ್ತು. 1970ರ ದಶಕದಲ್ಲಿ ಭಾಸ್ಕರ ಕುಲಕರ್ಣಿಯವರ ಪ್ರಯತ್ನದಿಂದ ಆ ಚಿತ್ರ ಗೋಡೆಯಿಂದ ಕಾಗದಕ್ಕೆ ಇಳಿದು ಮುಂಬಯಿಗೆ ಬಂದಿತು. ಕಾಗದವು ಊರು ಬಿಟ್ಟು ಹೋಗುವ ವಸ್ತು. ಆದುದರಿಂದ ಚಿತ್ರದ ಕೆಳಮೂಲೆಯಲ್ಲಿ ಹೆಸರು ಕಾಣಿಸಿಕೊಂಡಿತು. ಜಿವ್ಯಾ ಸೋಮಾ ಮಾಶೆ ಅವರ ಹೆಸರು ದೇಶವಿದೇಶಗಳಲ್ಲಿ ಪರಿಚಿತವಾಗಿ, 2011ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ಕೊಳ್ಳುವವರೂ ಮಾಡುವವರೂ ಒಂದೇ ಊರಿನಲ್ಲಿರುವವರೆಗೆ ಗುರುತಿನ ಅವಶ್ಯಕತೆ ಇಲ್ಲ. ವಸ್ತುವು ಅಪರಿಚಿತರ ಕೈಗೆ ಹೋಗುವ ದಿನದಿಂದ ಅದರ ಅವಶ್ಯಕತೆ ಆರಂಭವಾಗುತ್ತದೆ.

ಒಂದು ಜೊತೆ ಚಪ್ಪಲಿಯ ಕಥೆ

ಕೊಲ್ಹಾಪುರಿ ಚಪ್ಪಲಿಯ ವಿಷಯ ಮುಂಬಯಿಯ ಕನ್ನಡಿಗರಿಗೆ ಇನ್ನಷ್ಟು ಹತ್ತಿರವಾದುದು. ದಾದರಿನ ಅಂಗಡಿಯಲ್ಲಿ ‘ಕೊಲ್ಹಾಪುರಿ’ ಎಂದು ಕೊಂಡ ಜೊತೆಯನ್ನು ಅಥಣಿಯಲ್ಲಿಯೋ ನಿಪ್ಪಾಣಿಯಲ್ಲಿಯೋ ಹೊಲಿದಿರುವುದು ಅಪರೂಪವಲ್ಲ. ಕೊಲ್ಹಾಪುರದ ಪೇಟೆ ದೊಡ್ಡದು. ಬೆಳಗಾವಿ ಜಿಲ್ಲೆಯ ಸಮಗಾರರು ಮಾಡಿದ ಚಪ್ಪಲಿ ಆ ಪೇಟೆಯ ಮೂಲಕ ಹಾದುಹೋಗಿ ಆ ಪೇಟೆಯ ಹೆಸರನ್ನೇ ಪಡೆಯಿತು. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಾಗ ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೋಲಾಪುರ ಜಿಲ್ಲೆಗಳ ಜೊತೆಗೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳನ್ನೂ ಸೇರಿಸಲಾಯಿತು. ಕಾಗದದ ಮೇಲೆ ಎಂಟು ಜಿಲ್ಲೆಗಳಿಗೂ ಸಮಪಾಲು ದೊರೆಯಿತು. ಆದರೆ ಚಪ್ಪಲಿಯ ಮೇಲೆ ಏನೂ ಬರೆಯದಿದ್ದಲ್ಲಿ ಕೊಂಡವರಿಗೆ ಅದು ತಿಳಿಯುವ ಬಗೆ ಹೇಗೆ?

ಜೂನ್ 2025ರಲ್ಲಿ ಇಟಲಿಯ ಮಿಲಾನ್ ನಗರದ ಉಡುಪು ಪ್ರದರ್ಶನವೊಂದರಲ್ಲಿ ಪ್ರಾಡಾ ಸಂಸ್ಥೆಯು ಇದೇ ರೂಪದ ಚಪ್ಪಲಿಗಳನ್ನು ಪ್ರದರ್ಶಿಸಿತು. ಅವುಗಳ ಮೂಲವನ್ನು ಆಗ ಹೇಳಲಿಲ್ಲ. ಭಾರತದಲ್ಲಿ ವ್ಯಾಪಕವಾದ ಆಕ್ಷೇಪ ಬಂದ ನಂತರ, ಭಾರತೀಯ ಸಾಂಪ್ರದಾಯಿಕ ಪಾದರಕ್ಷೆಯಿಂದ ಪ್ರೇರಣೆ ಪಡೆದುದಾಗಿ ಆ ಸಂಸ್ಥೆ ಒಪ್ಪಿಕೊಂಡಿತು. ಮುಂಬಯಿ ಉಚ್ಚ ನ್ಯಾಯಾಲಯದಲ್ಲಿ ಸಲ್ಲಿಸಲಾದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯು ಜುಲೈ 2025ರಲ್ಲಿ ವಜಾ ಆಯಿತು. ಅದೇ ವರ್ಷ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಲಿಡ್ಕಾಮ್ ಮತ್ತು ಕರ್ನಾಟಕದ ಲಿಡ್ಕರ್ ಎಂಬ ಎರಡು ಚರ್ಮ ಕೈಗಾರಿಕಾ ಅಭಿವೃದ್ಧಿ ನಿಗಮಗಳು ಆ ಸಂಸ್ಥೆಯೊಂದಿಗೆ ಮುಂಬಯಿಯಲ್ಲಿ ಒಪ್ಪಂದ ಮಾಡಿಕೊಂಡವು. ಅದರಂತೆ ಈ ಎರಡು ರಾಜ್ಯಗಳ ಕುಶಲಕರ್ಮಿಗಳ ಕೈಯಲ್ಲಿಯೇ ಚಪ್ಪಲಿ ತಯಾರಾಗಬೇಕೆಂದು ನಿಶ್ಚಯವಾಯಿತು.

ಗುರುತೊಂದಿದ್ದರೆ ಅನುಕರಣೆಯನ್ನು ತಡೆಯಬಹುದಾಗಿತ್ತು ಎಂದು ಹೇಳಲಾಗದು. ರೂಪವನ್ನು ಕದಿಯುವವರು ಮುದ್ರೆಯನ್ನು ಬಿಟ್ಟು ಉಳಿದುದನ್ನು ತೆಗೆದುಕೊಳ್ಳಬಹುದು. ಆದರೆ ಮಾಡಿದವರ ಹೆಸರಿರುವ ವಸ್ತು ಲೋಕದಲ್ಲಿ ಹರಡಿದ್ದರೆ, ಹೆಸರಿಲ್ಲದ ನಕಲು ಬಂದಾಗ ಅಸಲು ಯಾವುದೆಂದು ಕೇಳುವವರು ಇರುತ್ತಾರೆ, ತೋರಿಸುವುದಕ್ಕೂ ಆಧಾರ ಇರುತ್ತದೆ.

ಸ್ಥಳದ ನಾಲ್ಕು ಪರೀಕ್ಷೆಗಳು

ಯಾವುದೇ ವಸ್ತುವಿನ ಮೇಲೆ ಗುರುತಿನ ಸ್ಥಳವನ್ನು ನಿರ್ಧರಿಸುವಾಗ ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಉಪಯುಕ್ತ. ಮೊದಲನೆಯದು: ಈ ಭಾಗವನ್ನು ವಸ್ತುವಿಗೆ ಹಾನಿಯಾಗದಂತೆ ಕಿತ್ತುಹಾಕಬಹುದೆ? ಎರಡನೆಯದು: ದಿನನಿತ್ಯದ ಬಳಕೆಯಲ್ಲಿ ಇದು ಸವೆದುಹೋಗುತ್ತದೆಯೆ? ಮೂರನೆಯದು: ಅಂದಕ್ಕೆ, ಬಲಕ್ಕೆ ಅಥವಾ ಉಪಯೋಗಕ್ಕೆ ಇದರಿಂದ ಧಕ್ಕೆ ಇದೆಯೆ? ನಾಲ್ಕನೆಯದು: ಕೊಂಡವರು ಯಾರನ್ನೂ ಕೇಳದೆ ಇದನ್ನು ಕಂಡುಕೊಳ್ಳಬಲ್ಲರೆ? ಮೊದಲ ಮೂರಕ್ಕೆ ‘ಇಲ್ಲ’ ಎಂದೂ ನಾಲ್ಕನೆಯದಕ್ಕೆ ‘ಹೌದು’ ಎಂದೂ ಉತ್ತರ ಬಂದರೆ ಅದೇ ಸರಿಯಾದ ಸ್ಥಳ. ದಾರದಲ್ಲಿ ಕಟ್ಟಿದ ಚೀಟಿಯೂ ಮೇಲಿನ ಪೆಟ್ಟಿಗೆಯೂ ಮೊದಲ ಪರೀಕ್ಷೆಯಲ್ಲಿಯೇ ಸೋಲುತ್ತವೆ. ಅವು ಇರಬಾರದೆಂದಲ್ಲ, ಅವು ಮಾತ್ರವೇ ಇರಬಾರದು.

ಚಪ್ಪಲಿಯನ್ನೇ ತೆಗೆದುಕೊಳ್ಳೋಣ. ಅಟ್ಟೆಯ ಕೆಳಮುಖ ನೆಲಕ್ಕೆ ಉಜ್ಜಿ ಕೆಲವೇ ವಾರಗಳಲ್ಲಿ ಗುರುತನ್ನು ಅಳಿಸುತ್ತದೆ. ಮೇಲ್ಮುಖದ ಮುಂಭಾಗ ಬೆರಳುಗಳ ಒತ್ತಡಕ್ಕೂ ಬೆವರಿಗೂ ಸಿಗುತ್ತದೆ. ಅಂಗಾಲಿನ ಕಮಾನಿನ ಕೆಳಗೆ, ಪಾದ ಅಷ್ಟಾಗಿ ತಾಗದ ಒಳಭಾಗ ಹೆಚ್ಚು ಕಾಲ ಉಳಿಯುತ್ತದೆ. ಸಸ್ಯಮೂಲದ ತೊಗಟೆ, ಕಾಯಿಗಳಿಂದ ಹದಮಾಡಿದ ಚರ್ಮವು ಒದ್ದೆಯಾಗಿದ್ದಾಗ ಅಚ್ಚನ್ನು ಚೆನ್ನಾಗಿ ಹಿಡಿಯುವ ಗುಣವುಳ್ಳದ್ದು. ಆದುದರಿಂದ ಬಣ್ಣದ ಮುದ್ರೆಗಿಂತ ಒತ್ತುಮುದ್ರೆ ಮೇಲು. ಎಡ, ಬಲ ಎರಡರಲ್ಲಿಯೂ ಒಂದೇ ಗುರುತು ಇರಬೇಕು. ಹರಳಯ್ಯ ದಂಪತಿಗಳು ಹೊಲಿದ ಜೊತೆಯ ಕಥೆಯನ್ನು ಕೇಳಿ ಬೆಳೆದ ನಾಡಿಗೆ, ಚಪ್ಪಲಿ ಹೊಲಿದವರ ಹೆಸರು ಚಪ್ಪಲಿಯ ಮೇಲಿರುವುದು ಹೊಸತೆನಿಸಬಾರದು.

ಧಾರಾವಿಯ ಕುಂಭಾರವಾಡೆಯಲ್ಲಿ ಸೌರಾಷ್ಟ್ರ ಮೂಲದ ಕುಂಬಾರ ಕುಟುಂಬಗಳು ತಲೆಮಾರುಗಳಿಂದ ಮಡಕೆ, ಹಣತೆಗಳನ್ನು ಮಾಡುತ್ತಿವೆ. ಮಣ್ಣಿನ ವಸ್ತುವಿಗೆ ತಳವೇ ಸ್ಥಳ. ಕಾಲ ಮಾತ್ರ ಮುಖ್ಯ. ಕೈಗೆ ಅಂಟದಷ್ಟು ಆರಿದ, ಒತ್ತಿದರೆ ತಗ್ಗುವಷ್ಟು ಹಸಿಯಾದ ಹದದಲ್ಲಿ ಮುದ್ರೆ ಬೀಳಬೇಕು. ಹೆಚ್ಚು ಆಳವಾದರೆ ತಳ ಸೀಳಬಹುದು. ಹೊಳಪು ಲೇಪವಿರುವ ಪಾತ್ರೆಯಲ್ಲಿ ತೀರ ಆಳವಿಲ್ಲದಿದ್ದರೆ ಲೇಪವೇ ಅದನ್ನು ಮುಚ್ಚಬಹುದು. ದೀಪಾವಳಿಗೆ ಸಾವಿರಗಟ್ಟಲೆ ಹೋಗುವ ಹಣತೆಗಳಿಗೆಲ್ಲ ಮುದ್ರೆ ಹಾಕುವ ಶ್ರಮ ಬೇಕಿಲ್ಲ. ದೊಡ್ಡ ಪಾತ್ರೆಗಳಿಗೆ, ಅಲಂಕಾರದ ಕುಂಭಗಳಿಗೆ ಅದು ಅವಶ್ಯ.

ಬಟ್ಟೆಗೆ ಅಂಚೇ ಆಶ್ರಯ. ಮುಂಬಯಿಯ ಗಿರಣಿಗಳು ಥಾನಿನ ಅಂಚಿನ ಮೇಲೆ ತಮ್ಮ ಹೆಸರನ್ನು ಅಚ್ಚೊತ್ತುತ್ತಿದ್ದುದು ಹಿರಿಯರಿಗೆ ನೆನಪಿರಬಹುದು. ಬಟ್ಟೆಯನ್ನು ಕತ್ತರಿಸಿ ಮಾರುವುದರಿಂದ ಆ ಹೆಸರು ಮತ್ತೆ ಮತ್ತೆ ಬರುವಂತೆ ಇರುತ್ತಿತ್ತು. ಇಳಕಲ್ ಸೀರೆಯಂತಹ ಕೈಮಗ್ಗದ ಸೀರೆಗೆ, ಉಟ್ಟಾಗ ಸೊಂಟದೊಳಗೆ ಸೇರುವ ತುದಿ ಯೋಗ್ಯವಾದುದು. ಸೆರಗಿನ ಅಂದ ಕೆಡದೆ, ನೇಯ್ದವರ ಹೆಸರಿನ ಮೊದಲಕ್ಷರವನ್ನು ಅಲ್ಲಿ ನೂಲಿನಲ್ಲಿಯೇ ನೇಯಬಹುದು. ಮರದ ಗೊಂಬೆಗೆ ತಳದಲ್ಲಿ ಕಾಯಿಸಿದ ಅಚ್ಚಿನ ಗುರುತು ಒಳ್ಳೆಯದು. ಮಕ್ಕಳು ಬಾಯಿಗಿಡುವ ವಸ್ತುವಿಗೆ ಶಾಯಿ ತಕ್ಕುದಲ್ಲ. ಬಿದರಿ ಪಾತ್ರೆಯಲ್ಲಿ ಬೆಳ್ಳಿಯ ಕುಸುರಿ ಇಲ್ಲದ ತಳವೇ ಸ್ಥಳ. ಸತುವು ಪ್ರಧಾನವಾದ ಆ ಲೋಹ ಬಲವಾದ ಪೆಟ್ಟನ್ನು ಸಹಿಸದ ಕಾರಣ ಹೊಡೆದ ಮುದ್ರೆಗಿಂತ ಕೊರೆದ ಗುರುತು ಮೇಲು. ಪೂಜೆಗೆ ಹೋಗುವ ಮೂರ್ತಿಗಳಿಗೆ ಬೇಲೂರಿನ ಶಿಲ್ಪಿಗಳು ತೋರಿಸಿದ ಪೀಠವೇ ಇಂದಿಗೂ ಆದರ್ಶ.

ಚಿನ್ನದ ಮೇಲಿನ ಅಕ್ಷರಗಳು

ಮುಂಬಾದೇವಿಯ ಆಸುಪಾಸಿನ ಝವೇರಿ ಬಜಾರಿನಲ್ಲಿ ಗುರುತಿನ ಶಾಸ್ತ್ರ ಅತ್ಯಂತ ಸೂಕ್ಷ್ಮವಾಗಿ ಬೆಳೆದಿದೆ. ಭಾರತೀಯ ಮಾನಕ ಬ್ಯೂರೋ 2000ದಲ್ಲಿ ಚಿನ್ನದ ಹಾಲ್‌ಮಾರ್ಕ್ ಯೋಜನೆಯನ್ನು ಆರಂಭಿಸಿತು. ಜೂನ್ 2021ರಿಂದ 256 ಜಿಲ್ಲೆಗಳಲ್ಲಿ ಅದನ್ನು ಕಡ್ಡಾಯಗೊಳಿಸಲಾಯಿತು. ಇಂದು ಆಭರಣದ ಮೇಲೆ ಮೂರು ಗುರುತುಗಳಿರುತ್ತವೆ: ಬ್ಯೂರೋದ ಲಾಂಛನ; 22 ಕ್ಯಾರೆಟ್ ಚಿನ್ನಕ್ಕೆ 916 ಎಂಬಂತಹ ಶುದ್ಧತೆಯ ಅಂಕಿ; ಮತ್ತು ಅಕ್ಷರ, ಅಂಕಿಗಳು ಸೇರಿದ ಆರು ಸ್ಥಾನಗಳ ವಿಶಿಷ್ಟ ಸಂಖ್ಯೆ. 1 ಏಪ್ರಿಲ್ 2023ರಿಂದ ಈ ಸಂಖ್ಯೆ ಇಲ್ಲದ ಹಾಲ್‌ಮಾರ್ಕ್ ಆಭರಣಗಳ ಮಾರಾಟಕ್ಕೆ ಅವಕಾಶವಿಲ್ಲ. ಉಂಗುರದ ಒಳಸುತ್ತು, ಬಳೆಯ ಒಳಮೈ, ಸರದ ಕೊಂಡಿಯ ಪಕ್ಕ ಹೀಗೆ ಅಂದಕ್ಕೆ ಅಡ್ಡಬಾರದ ಕಡೆ ಅದನ್ನು ಲೇಸರ್ ಕಿರಣದಿಂದ ಕೊರೆಯುತ್ತಾರೆ. ಗ್ರಾಹಕರು ಬ್ಯೂರೋದ ‘ಬಿಐಎಸ್ ಕೇರ್’ ಆ್ಯಪ್‌ನಲ್ಲಿ ಆ ಸಂಖ್ಯೆಯನ್ನು ನಮೂದಿಸಿ ಪರಿಶೀಲಿಸಬಹುದು.

ಇದು ಗ್ರಾಹಕರಿಗೆ ದೊಡ್ಡ ರಕ್ಷಣೆ. ಆದರೆ ಆ ಸಂಖ್ಯೆಯಿಂದ ತಿಳಿಯುವುದು ಮಾರಿದ ವ್ಯಾಪಾರಿಯ ನೋಂದಣಿ ಮತ್ತು ಪರೀಕ್ಷಿಸಿದ ಕೇಂದ್ರ. ಒಲೆಯ ಮುಂದೆ ಕುಳಿತು ಬೆಸೆದ ಅಕ್ಕಸಾಲಿಗನ ಹೆಸರು ಅದರಲ್ಲಿಲ್ಲ. ಝವೇರಿ ಬಜಾರಿನ ಮಹಡಿಗಳಲ್ಲಿ ದುಡಿಯುವ ಅಕ್ಕಸಾಲಿಗರಲ್ಲಿ ಬಹು ಮಂದಿ ಪಶ್ಚಿಮ ಬಂಗಾಳದಿಂದ ಬಂದವರು. ಚಿನ್ನ ಎಷ್ಟು ಶುದ್ಧ ಎಂಬುದಕ್ಕೆ ಉತ್ತರ ದೊರೆಯಿತು. ಕೆಲಸ ಯಾರದು ಎಂಬ ಪ್ರಶ್ನೆ ಉಳಿದಿದೆ. ರೇಷ್ಮೆಗೆ 2004ರಲ್ಲಿ ಬಂದ ಸಿಲ್ಕ್ ಮಾರ್ಕ್, ಕೈಮಗ್ಗಕ್ಕೆ 2006ರಲ್ಲಿ ಬಂದ ಹ್ಯಾಂಡ್‌ಲೂಮ್ ಮಾರ್ಕ್ ಕೂಡ ವಸ್ತುವಿನ ಜಾತಿಯನ್ನು ಹೇಳುತ್ತವೆಯೇ ಹೊರತು ಕೈಯ ಹೆಸರನ್ನಲ್ಲ. ಸರಕಾರದ ಗುರುತು ಮತ್ತು ಕುಶಲಕರ್ಮಿಯ ಗುರುತು ಪರಸ್ಪರ ಪೂರಕವೇ ಹೊರತು ಒಂದಕ್ಕೊಂದು ಬದಲಿಯಲ್ಲ.

ಕಾನೂನಿನ ಆಸರೆ

ತನ್ನ ಹೆಸರನ್ನು ತಾನು ಮಾಡಿದ ವಸ್ತುವಿನ ಮೇಲೆ ಹಾಕುವುದಕ್ಕೆ ಯಾವ ಅನುಮತಿಯೂ ಬೇಕಿಲ್ಲ. ಆದರೆ ಆ ಗುರುತನ್ನು ಬೇರೆಯವರು ಬಳಸದಂತೆ ಬಲವಾಗಿ ತಡೆಯಬೇಕಾದರೆ 1999ರ ವ್ಯಾಪಾರ ಚಿಹ್ನೆಗಳ ಅಧಿನಿಯಮದಡಿ ನೋಂದಣಿ ಮಾಡಿಸುವುದು ಒಳಿತು. ಈ ವ್ಯವಸ್ಥೆಯ ಮುಖ್ಯ ಕಚೇರಿ ಮುಂಬಯಿಯ ಅಂಟಾಪ್ ಹಿಲ್‌ನ ಬೌದ್ಧಿಕ ಸಂಪದಾ ಭವನದಲ್ಲಿಯೇ ಇದೆ. 2017ರ ನಿಯಮಗಳಂತೆ ವ್ಯಕ್ತಿಗಳು ಗಣಕಜಾಲದ ಮೂಲಕ ಸಲ್ಲಿಸುವ ಅರ್ಜಿಗೆ ಸರಕಿನ ಪ್ರತಿ ವರ್ಗಕ್ಕೆ 4,500 ರೂಪಾಯಿ ಶುಲ್ಕ. ನೋಂದಣಿ 10 ವರ್ಷ ಊರ್ಜಿತವಾಗಿದ್ದು, ಮತ್ತೆ ಮತ್ತೆ ನವೀಕರಿಸಬಹುದು. ಒಬ್ಬರಿಗೆ ಭಾರವೆನಿಸಿದರೆ ಸಹಕಾರ ಸಂಘವೊಂದು ಸಾಮೂಹಿಕ ಚಿಹ್ನೆಯನ್ನು ನೋಂದಾಯಿಸಿ, ಅದರ ಪಕ್ಕದಲ್ಲಿ ಪ್ರತಿ ಸದಸ್ಯನಿಗೂ ಒಂದು ಅಂಕಿಯನ್ನು ಕೊಡಬಹುದು. ನೋಂದಣಿಯಾಗದ ಚಿಹ್ನೆಯನ್ನು ನೋಂದಣಿಯಾದುದೆಂದು ತೋರಿಸುವುದು ಮಾತ್ರ ಕಾನೂನಿಗೆ ವಿರುದ್ಧ.

ಭೌಗೋಳಿಕ ಸೂಚಕ ಪಡೆದ ಕಸುಬಿನವರು ಚೆನ್ನೈಯಲ್ಲಿರುವ ನೋಂದಣಿ ಕಚೇರಿಯಲ್ಲಿ ಅಧಿಕೃತ ಬಳಕೆದಾರರಾಗಿ ಹೆಸರು ದಾಖಲಿಸಬೇಕು. ಇದರ ಅರ್ಜಿ ಶುಲ್ಕವನ್ನು 2020ರಲ್ಲಿ 10 ರೂಪಾಯಿಗೆ ಇಳಿಸಲಾಯಿತು. ಊರಿಗೆ ಮಾನ್ಯತೆ ದೊರೆತ ಮಾತ್ರಕ್ಕೆ ಊರಿನ ಪ್ರತಿಯೊಬ್ಬ ಕಸುಬುದಾರನ ಹೆಸರು ತಾನಾಗಿ ದಾಖಲಾಗುವುದಿಲ್ಲ ಎಂಬುದನ್ನು ಎಷ್ಟೋ ಮಂದಿ ಅರಿತಿಲ್ಲ. ಸೆಪ್ಟೆಂಬರ್ 2023ರಲ್ಲಿ ಆರಂಭವಾದ ಪಿಎಂ ವಿಶ್ವಕರ್ಮ ಯೋಜನೆಯು ಕುಂಬಾರ, ಅಕ್ಕಸಾಲಿಗ, ಚಮ್ಮಾರ ಸೇರಿದಂತೆ 18 ಕಸುಬುಗಳವರಿಗೆ ಗುರುತಿನ ಚೀಟಿ, ತರಬೇತಿ, ಉಪಕರಣಗಳಿಗೆ ನೆರವು ಮತ್ತು ಮಾರುಕಟ್ಟೆಯ ಬೆಂಬಲವನ್ನು ಒಳಗೊಂಡಿದೆ. ಕಸುಬುದಾರನ ಕಿಸೆಯಲ್ಲಿ ಗುರುತಿನ ಚೀಟಿ ಬಂದ ಮೇಲೆ ಅವನು ಮಾಡಿದ ವಸ್ತುವಿಗೂ ಗುರುತು ಬರಬೇಕಾದುದು ನ್ಯಾಯ.

ವ್ಯಾಪಾರಿಯ ಆಕ್ಷೇಪ

ಇಷ್ಟೆಲ್ಲ ತಿಳಿದಿದ್ದರೂ ಕುಶಲಕರ್ಮಿಗಳು ಹಿಂಜರಿಯುವುದಕ್ಕೆ ಕಾರಣವಿದೆ. ಗುರುತು ಇರುವ ಮಾಲನ್ನು ಸಗಟು ವ್ಯಾಪಾರಿ ಒಲ್ಲೆನೆನ್ನಬಹುದು. ಗ್ರಾಹಕರು ನೇರವಾಗಿ ಕಾರ್ಖಾನೆಗೆ ಹೋದಾರೆಂಬ ಶಂಕೆ ಅವನದು. ದಿನದ ಕೂಲಿಯನ್ನು ಅವಲಂಬಿಸಿದ ಮನೆಗೆ ಇದು ಸಣ್ಣ ಭಯವಲ್ಲ. ಆದುದರಿಂದ ಒಬ್ಬೊಬ್ಬರಾಗಿ ಹಟ ಹಿಡಿಯುವುದಕ್ಕಿಂತ ಒಂದು ಬೀದಿಯವರು, ಒಂದು ಸಂಘದವರು ಕೂಡಿ ನಿರ್ಧರಿಸುವುದು ವಿವೇಕ. ಅಂಗಡಿಯ ಹೆಸರು ಹೊರಗಿನ ಪಟ್ಟಿಯ ಮೇಲೆ ಇರಲಿ. ಮಾಡಿದವರ ಚಿಕ್ಕ ಅಕ್ಷರ ಒಳಗಿನ ಮಡಿಕೆಯಲ್ಲಿರಲಿ. ಎರಡಕ್ಕೂ ಸ್ಥಳ ಉಂಟು.

ಹೆಸರು ಹಾಕುವುದು ಅಹಂಕಾರವೆಂದು ಭಾವಿಸುವ ಹಿರಿಯರೂ ಉಂಟು. ಅವರು ಇನ್ನೊಂದು ದೃಷ್ಟಿಯಿಂದ ನೋಡಬೇಕು. ಗುರುತು ಹಾಕಿದವರು ಕೀರ್ತಿಯನ್ನಷ್ಟೇ ಅಲ್ಲ, ಹೊಣೆಯನ್ನೂ ಹೊರುತ್ತಾರೆ. ಹೊಲಿಗೆ ಬಿಟ್ಟರೆ, ಬಿರುಕು ಬಿಟ್ಟರೆ ಕೇಳುವುದಕ್ಕೆ ಒಂದು ಬಾಗಿಲು ತಿಳಿದಿರುತ್ತದೆ. ಹೆಸರಿರುವ ಕೆಲಸದಲ್ಲಿ ಕೈ ಹೆಚ್ಚು ಎಚ್ಚರದಿಂದ ಓಡುತ್ತದೆ. ಶರಣರು ದೈವದ ಹೆಸರಿನಲ್ಲಿ ಅಂಕಿತವನ್ನಿಟ್ಟರೂ ತಾವು ಆಡಿದ ಮಾತಿನ ಹೊಣೆಯಿಂದ ಜಾರಿಕೊಳ್ಳಲಿಲ್ಲ.

ಕೊಳ್ಳುವವರ ಪಾಲೂ ಇದರಲ್ಲಿದೆ. ಮುಂದಿನ ಸಲ ದಾದರಿನಲ್ಲಿ ಚಪ್ಪಲಿ ಕೊಳ್ಳುವಾಗ, ಧಾರಾವಿಯಲ್ಲಿ ಚೀಲ ಕೊಳ್ಳುವಾಗ, ಊರಿನ ಜಾತ್ರೆಯಲ್ಲಿ ಗೊಂಬೆ ಕೊಳ್ಳುವಾಗ ವಸ್ತುವನ್ನು ಒಮ್ಮೆ ತಿರುಗಿಸಿ ನೋಡಬೇಕು. ಗುರುತು ಕಾಣದಿದ್ದರೆ ‘ಇದನ್ನು ಮಾಡಿದವರು ಯಾರು?’ ಎಂದು ಕೇಳಬೇಕು. ಹತ್ತು ಮಂದಿ ಕೇಳಿದ ಪ್ರಶ್ನೆಯನ್ನು ಅಂಗಡಿಯವನು ಮರೆಯಬಹುದು. ನೂರು ಮಂದಿ ಕೇಳಿದರೆ ಅವನೇ ಕುಶಲಕರ್ಮಿಯ ಬಳಿ ಹೋಗಿ ಹೆಸರು ಹಾಕಿಕೊಡಲು ಹೇಳುತ್ತಾನೆ. ಬಳ್ಳಿಗಾವೆಯ ದಾಸೋಜನ ಹೆಸರು ಒಂಬತ್ತು ನೂರು ವರ್ಷ ಉಳಿದಿದೆ. ಇಂದು ಧಾರಾವಿಯಲ್ಲಿ ಹೊಲಿಯುವವರ ಹೆಸರು, ಅಥಣಿಯಲ್ಲಿ ಚರ್ಮ ಕೊಯ್ಯುವವರ ಹೆಸರು ಕನಿಷ್ಠ ಆ ವಸ್ತು ಬಾಳುವಷ್ಟು ಕಾಲವಾದರೂ ಅದರ ಜೊತೆಯಲ್ಲಿ ಬಾಳಲಿ.